ತರಗತಿಯ ಹೊರಗಿನ ಗಂಟೆಗಳು: ಇಂಟರ್ನ್‌ಶಿಪ್, ಅರೆಕಾಲಿಕ ಕೆಲಸ, ಸಂಶೋಧನೆ, ಸಂಘ – ಯಾವುದಕ್ಕೆ ಕೊಡಬೇಕು?

ಯಾವ ಕಾಲೇಜು, ಯಾವ ವಿಷಯ ಎಂದು ಸಲಹೆ ಕೊಡುವವರಿಗೆ ಬರವಿಲ್ಲ. ಸೇರಿಕೊಂಡ ಮೇಲೆ ತರಗತಿಯ ಹೊರಗಿನ ಸಮಯವನ್ನು ಏನು ಮಾಡಬೇಕು ಎಂದು ಕೇಳಿ ನೋಡಿ, ಎಲ್ಲರದ್ದೂ ಒಂದೇ ಉತ್ತರ: ಎಲ್ಲವನ್ನೂ ಮಾಡು. ಇಂಟರ್ನ್‌ಶಿಪ್ ಹಿಡಿ, ಸಂಘ ಸೇರು, ಆನ್‌ಲೈನ್ ಕೋರ್ಸ್ ಮುಗಿಸು, ಪ್ರಾಧ್ಯಾಪಕರ ಜೊತೆ ಸಂಶೋಧನೆ ಮಾಡು, ಸ್ವಂತದ್ದೇನಾದರೂ ಕಟ್ಟು, ಅಂಕವನ್ನೂ ಬಿಡಬೇಡ. ಹೀಗೆ ಹೇಳುವವರು ಗಂಟೆಗಳ ಲೆಕ್ಕ ಹಾಕಿರುವುದಿಲ್ಲ.

ಲೆಕ್ಕ ಹಾಕಲು ಯುರೋಪಿನ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿ ಅನುಕೂಲ. ಅದರ ಪ್ರಕಾರ ಪೂರ್ಣಾವಧಿಯ ಒಂದು ಶೈಕ್ಷಣಿಕ ವರ್ಷವೆಂದರೆ 60 ಕ್ರೆಡಿಟ್; ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ಶ್ರಮ. ವರ್ಷಕ್ಕೆ 1,500ರಿಂದ 1,800 ಗಂಟೆಯಾಯಿತು. 40 ವಾರಗಳಿಗೆ ಹಂಚಿದರೆ ವಾರಕ್ಕೆ 38ರಿಂದ 45 ಗಂಟೆ. ಎಂದರೆ ಓದು ಒಂದೇ ಪೂರ್ಣಾವಧಿಯ ಉದ್ಯೋಗದಷ್ಟು ಸಮಯ ಕೇಳುತ್ತದೆ. ನಿದ್ದೆ, ಓಡಾಟ, ಸ್ನೇಹಿತರು ಎಲ್ಲ ಕಳೆದು ವಾರಕ್ಕೆ ಹತ್ತು ಹನ್ನೆರಡು ಗಂಟೆ ಉಳಿದರೆ ಅದೇ ಹೆಚ್ಚು. ಅಷ್ಟರಲ್ಲಿ ಒಂದು ದೊಡ್ಡ ಕೆಲಸ ಹಿಡಿಸುತ್ತದೆ, ಜೊತೆಗೆ ಒಂದು ಚಿಕ್ಕದು. ಮೂರನೆಯದನ್ನು ತುರುಕಿದರೆ ಮೂರೂ ಕಾಟಾಚಾರಕ್ಕೆ ನಡೆಯುತ್ತವೆ. ಆದ್ದರಿಂದ ಆಯ್ಕೆ ಮಾಡಲೇಬೇಕು.

ಯಾವ ಅಳತೆಗೋಲಿನಿಂದ ಆರಿಸುವುದು? ಬಹಳ ಜನ ರೆಸ್ಯೂಮೆಯಲ್ಲಿ ಯಾವುದು ಚೆನ್ನಾಗಿ ಕಾಣುತ್ತದೆ ಎಂದು ಯೋಚಿಸುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ: ಇಲ್ಲಿ ನನ್ನ ಕೆಲಸವನ್ನು ತಿದ್ದುವವರು ಯಾರು? ನನಗಿಂತ ಹೆಚ್ಚು ಬಲ್ಲವರೊಬ್ಬರು ನಾನು ಮಾಡಿದ್ದನ್ನು ಕೂತು ನೋಡಿ, ಇದು ಸರಿಯಿಲ್ಲ, ಇಂಥ ಕಾರಣಕ್ಕೆ ಸರಿಯಿಲ್ಲ, ಮತ್ತೆ ಮಾಡು ಎಂದು ಹೇಳುವ ಏರ್ಪಾಡು ಅಲ್ಲಿ ಇದೆಯೇ? ಇದ್ದರೆ ಸಂಸ್ಥೆ ಎಷ್ಟೇ ಚಿಕ್ಕದಾಗಿರಲಿ, ಕೆಲಸ ಎಷ್ಟೇ ಸಾಮಾನ್ಯವಾಗಿರಲಿ, ಹಿಡಿಯಬಹುದು. ಇಲ್ಲದಿದ್ದರೆ ದೊಡ್ಡ ಹೆಸರನ್ನೂ ಎರಡು ಸಲ ಯೋಚಿಸಿ ಒಪ್ಪಿಕೊಳ್ಳಬೇಕು. ಕೆಳಗಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಅಂಕಗಳ ಮಾತು ಮೊದಲು

ಅಂಕವೋ ಅನುಭವವೋ ಎಂಬ ಜಗಳ ಹಳೆಯದು. ಒಂದು ಮಟ್ಟದವರೆಗೆ ಅಂಕವೇ ಮುಖ್ಯ. ಎಷ್ಟೋ ಸಂಸ್ಥೆಗಳು ಕನಿಷ್ಠ ಅಂಕದ ಗೆರೆಯೊಂದನ್ನು ಎಳೆದಿರುತ್ತವೆ. ಅದರ ಕೆಳಗಿರುವ ಅರ್ಜಿಯನ್ನು ತೆರೆದೇ ನೋಡುವುದಿಲ್ಲ. ಗೆರೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಅಂಕದ ಬೆಲೆ ಇಳಿಯುತ್ತಾ ಹೋಗುತ್ತದೆ. ಉನ್ನತ ವ್ಯಾಸಂಗ ಮತ್ತು ವಿದ್ಯಾರ್ಥಿವೇತನಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಗೆರೆಯ ಮೇಲಿನ ಅಂಕವೂ ಲೆಕ್ಕಕ್ಕೆ ಬರುತ್ತದೆ. ನೀವು ಗೆರೆಯ ಕೆಳಗಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಪಠ್ಯಪುಸ್ತಕ ತೆರೆಯಿರಿ. ವ್ಯಂಗ್ಯವಲ್ಲ, ಈ ಸೆಮಿಸ್ಟರ್‌ನಲ್ಲಿ ನಿಮಗೆ ಅದಕ್ಕಿಂತ ಲಾಭದ ಹೂಡಿಕೆ ಇನ್ನೊಂದಿಲ್ಲ.

ಗೆರೆಯ ಮೇಲಿರುವವರಿಗೆ ಒಂದು ಮಾಹಿತಿ. ನೇಮಕಾತಿಯ ಬಗ್ಗೆ 85 ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಎಷ್ಟು ವರ್ಷ ಓದಿದ್ದಾರೆ ಎಂಬುದರಿಂದ ಮುಂದಿನ ಕೆಲಸದ ಗುಣಮಟ್ಟವನ್ನು ಊಹಿಸುವುದು ಕಷ್ಟವೆಂದೂ, ಕೆಲಸದ ಒಂದು ತುಣುಕನ್ನೇ ಕೊಟ್ಟು ಮಾಡಿಸಿ ನೋಡಿದರೆ ಊಹೆ ಎಷ್ಟೋ ಚೆನ್ನಾಗಿ ಹೊಂದುತ್ತದೆಂದೂ ಅದು ತೋರಿಸಿತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆ ಅಂಕಿಅಂಶಗಳನ್ನು ಮರುಪರಿಶೀಲಿಸಿ ಹಲವನ್ನು ಕೆಳಗಿಳಿಸಿದರು. ಅವರ ಪಟ್ಟಿಯಲ್ಲಿ ಮೇಲೆ ಬಂದದ್ದು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ, ಒಂದೇ ಮಾನದಂಡದಲ್ಲಿ ಅಳೆಯುವ ವ್ಯವಸ್ಥಿತ ಸಂದರ್ಶನ. ಅಂಥ ಸಂದರ್ಶನದಲ್ಲಿ "ಕಷ್ಟದ ಸಹೋದ್ಯೋಗಿಯ ಜೊತೆ ಕೆಲಸ ಮಾಡಿದ ಸಂದರ್ಭ ಹೇಳಿ", "ನಿಮ್ಮ ನಿರ್ಧಾರ ತಪ್ಪಾಗಿದ್ದನ್ನು ಹೇಗೆ ಕಂಡುಕೊಂಡಿರಿ" ಎಂಬ ಬಗೆಯ ಪ್ರಶ್ನೆಗಳೇ ಹೆಚ್ಚು. ಉತ್ತರ ಹೇಳಲು ಒಂದು ಘಟನೆ ಬೇಕು. ಒಬ್ಬರೇ ಕೂತು ಓದಿದವರ ಬಳಿ ಘಟನೆಗಳು ಕಡಿಮೆ ಇರುತ್ತವೆ.

ಇಂಟರ್ನ್‌ಶಿಪ್ ಮತ್ತು ಅರೆಕಾಲಿಕ ಕೆಲಸ

ಓದು ಮತ್ತು ದುಡಿಮೆಯನ್ನು ಒಂದೇ ಪಠ್ಯಕ್ರಮದಲ್ಲಿ ಸೇರಿಸುವ ಯೋಚನೆಗೆ ನೂರು ವರ್ಷ ದಾಟಿದೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ 1906ರಲ್ಲಿ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಇದನ್ನು ಆರಂಭಿಸಿದರು: ಸ್ವಲ್ಪ ಕಾಲ ತರಗತಿ, ಸ್ವಲ್ಪ ಕಾಲ ಕಾರ್ಖಾನೆ, ಮತ್ತೆ ತರಗತಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ ತನ್ನ ಬೋಧನೆಯನ್ನು 1957ರಲ್ಲಿ ಶುರುಮಾಡಿದ್ದೇ ಈ ಮಾದರಿಯಲ್ಲಿ. ಇದರ ಗುಟ್ಟು ಇರುವುದು ಮರಳಿ ಬರುವುದರಲ್ಲಿ. ಯಂತ್ರದ ಮುಂದೆ ನಿಂತು ಅರ್ಥವಾಗದೇ ಹೋದದ್ದನ್ನು ತರಗತಿಗೆ ತಂದು ಕೇಳಬಹುದು. ಕೊನೆಯ ವರ್ಷದ ಕೊನೆಯ ತಿಂಗಳುಗಳಲ್ಲಿ ಮಾಡುವ ಇಂಟರ್ನ್‌ಶಿಪ್‌ಗೆ ಈ ಅನುಕೂಲವಿಲ್ಲ. ಅಲ್ಲಿ ಎದ್ದ ಪ್ರಶ್ನೆಯನ್ನು ಹೊತ್ತುಕೊಂಡು ಹೋಗಲು ತರಗತಿಯೇ ಉಳಿದಿರುವುದಿಲ್ಲ. ನನ್ನ ಮತದಲ್ಲಿ ಎರಡನೆಯ ವರ್ಷದ ರಜೆಯ ಆರು ವಾರಗಳು ಕೊನೆಯ ವರ್ಷದ ಆರು ತಿಂಗಳಿಗಿಂತ ಹೆಚ್ಚು ಕಲಿಸಬಲ್ಲವು. ಕೊನೆಯ ವರ್ಷದ್ದರಿಂದ ಕಲಿಕೆಗಿಂತ ಉದ್ಯೋಗ ಗಿಟ್ಟುವ ಸಾಧ್ಯತೆ ಹೆಚ್ಚು. ಎರಡರ ಉದ್ದೇಶವೂ ಬೇರೆ ಎಂದು ತಿಳಿದು ಹೋದರೆ ನಿರಾಸೆಯಿಲ್ಲ.

ಸಂಬಳವಿಲ್ಲದ ಇಂಟರ್ನ್‌ಶಿಪ್ ಒಪ್ಪಬಹುದೇ? ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2015ರಲ್ಲಿ ಇದನ್ನೇ ವಿಚಾರಿಸಿ, ಈ ವ್ಯವಸ್ಥೆಯಿಂದ ಹೆಚ್ಚಿನ ಲಾಭ ವಿದ್ಯಾರ್ಥಿಗೋ ಸಂಸ್ಥೆಗೋ ಎಂಬುದೇ ನಿರ್ಣಾಯಕ ಎಂದಿತು. 2018ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ಆ ಮಾನದಂಡವನ್ನೇ ಒಪ್ಪಿಕೊಂಡಿತು. ಅದರ ಏಳು ಅಂಶಗಳಲ್ಲಿ ಒಂದು ಎಲ್ಲಿಯ ವಿದ್ಯಾರ್ಥಿಗಾದರೂ ಉಪಯೋಗವಾಗುತ್ತದೆ: ನಿಮ್ಮ ಕೆಲಸ ಸಂಬಳದ ನೌಕರರ ಕೆಲಸಕ್ಕೆ ಪೂರಕವಾಗಿದೆಯೇ ಅಥವಾ ಅವರ ಜಾಗವನ್ನೇ ತುಂಬುತ್ತಿದೆಯೇ? ಸೇರುವ ಮೊದಲು ಕೇಳಿ: "ನನ್ನ ಮೇಲ್ವಿಚಾರಕರು ಯಾರು? ವಾರಕ್ಕೆ ಎಷ್ಟು ಹೊತ್ತು ಅವರು ನನ್ನೊಂದಿಗೆ ಕೂರುತ್ತಾರೆ? ಹಿಂದಿನ ಇಂಟರ್ನ್ ಏನು ಮಾಡಿದರು, ಅವರನ್ನು ಮಾತನಾಡಿಸಬಹುದೇ?" ಸ್ಪಷ್ಟ ಉತ್ತರ ಬಂದರೆ ಸರಿ. "ನಮ್ಮಲ್ಲಿ ಎಲ್ಲರೂ ಎಲ್ಲವನ್ನೂ ಮಾಡುತ್ತಾರೆ, ಬಹಳ ಕಲಿಯುತ್ತೀರಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರೆ ಅಲ್ಲಿ ನಿಮಗಾಗಿ ಕಾದಿರುವುದು ಪುಕ್ಕಟೆ ದುಡಿಮೆ.

ಇನ್ನು ಅಂಗಡಿ, ಗ್ರಂಥಾಲಯ, ಕಾಲ್ ಸೆಂಟರ್, ಮನೆಪಾಠದಂಥ ಅರೆಕಾಲಿಕ ಕೆಲಸ. ಓದಿಗೆ ಸಂಬಂಧವಿಲ್ಲ ಎಂದು ಇದಕ್ಕೆ ಮೂಗು ಮುರಿಯುವವರು ಹೆಚ್ಚು. ನನಗೆ ಅದು ಒಪ್ಪಿಗೆಯಿಲ್ಲ. ಮೇಲಿನ ಪ್ರಶ್ನೆ ಇಲ್ಲಿ ಹಾಕಿ ನೋಡಿ: ತಿದ್ದುವವರು ಯಾರು? ಗಿರಾಕಿಯೇ, ಅದೂ ಆ ಕ್ಷಣದಲ್ಲೇ. ಮನೆಪಾಠ ಹೇಳುವ ಹುಡುಗಿಯನ್ನು ಗಮನಿಸಿ. ಭಿನ್ನರಾಶಿಯನ್ನು ಒಂದು ರೀತಿ ವಿವರಿಸುತ್ತಾಳೆ, ಎದುರಿನ ಮಗು ತಲೆ ಅಲ್ಲಾಡಿಸುತ್ತದೆ, ಆದರೆ ಲೆಕ್ಕ ಕೊಟ್ಟರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ ಅರ್ಧ ಮತ್ತು ಮೂರನೇ ಒಂದು ಸೇರಿದರೆ ಐದನೇ ಎರಡು ಎಂದು ಬರೆದಿಡುತ್ತದೆ. ಎರಡನ್ನು ಕೂಡಿದ ಮೇಲೆ ಮೊದಲಿನ ಅರ್ಧಕ್ಕಿಂತಲೂ ಉತ್ತರ ಕಡಿಮೆಯಾಗಿದ್ದು ಹೇಗೆ ಎಂದು ಅವಳು ಕೇಳಬೇಕು, ಬೇರೆ ದಾರಿ ಹುಡುಕಬೇಕು. ಅರ್ಥವಾಗದವರಿಗೆ ಅರ್ಥವಾಗುವಂತೆ ಹೇಳುವ ಈ ಕಲೆಯೇ ಮುಂದೆ ಕಚೇರಿಯ ಸಭೆಗಳಲ್ಲಿ ಬೇಕಾಗುವುದು. ಸಮಯಕ್ಕೆ ಬರುವುದು, ಸಿಟ್ಟಾದವರನ್ನು ಸಮಾಧಾನಪಡಿಸುವುದು, ಹಣ ಎಣಿಸಿ ಲೆಕ್ಕ ಒಪ್ಪಿಸುವುದು ಕೂಡ ಹಾಗೆಯೇ. ಖರ್ಚಿಗೆ ಕಾಸು ಬರುವುದು ಇನ್ನೊಂದು ಮಾತು. ಎಷ್ಟೋ ಜನರಿಗೆ ಅದೇ ಮೊದಲ ಮಾತು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅರೆಕಾಲಿಕ ಕೆಲಸದ ಅಪಾಯ ಗಂಟೆಗಳದ್ದು. ಇಂದು ಒಂದು ಪಾಳಿ ಹೆಚ್ಚು, ನಾಳೆ ಇನ್ನೊಂದು ಎಂದು ಅದು ಬೆಳೆಯುತ್ತಲೇ ಹೋಗುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೆ ದೇಶಗಳು ಹಾಕಿರುವ ಮಿತಿಯನ್ನು ನೋಡಿದರೆ ಒಂದು ಅಂದಾಜು ಸಿಗುತ್ತದೆ. ತರಗತಿಗಳು ನಡೆಯುವ ಕಾಲದಲ್ಲಿ ಅಮೆರಿಕ ಕ್ಯಾಂಪಸ್ಸಿನೊಳಗಿನ ಕೆಲಸಕ್ಕೆ ವಾರಕ್ಕೆ 20 ಗಂಟೆ ಕೊಡುತ್ತದೆ. ಆಸ್ಟ್ರೇಲಿಯಾ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ. ಕೆನಡಾ 2024ರ ನವೆಂಬರ್‌ನಿಂದ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ. ಇವು ವಲಸೆ ನಿಯಮಗಳೇ ಹೊರತು ಶಿಕ್ಷಣತಜ್ಞರ ಶಿಫಾರಸುಗಳಲ್ಲ. ಕಾನೂನು ಒಪ್ಪುವ ಗರಿಷ್ಠ ಇದು. ನಾನಾದರೆ ಅದರ ಅರ್ಧಕ್ಕೆ ನಿಲ್ಲಿಸುತ್ತೇನೆ.

ಎರಡರಲ್ಲಿ ಒಂದನ್ನು ಆರಿಸುವಾಗ ಹೀಗೆ ನೋಡಿ: ಮೇಲ್ವಿಚಾರಕರಿರುವ, ಸಂಬಳವೂ ಇರುವ ಇಂಟರ್ನ್‌ಶಿಪ್ ಸಿಕ್ಕರೆ ಅದೇ ಮೇಲು. ಮೇಲ್ವಿಚಾರಕರೂ ಇಲ್ಲದ, ಸಂಬಳವೂ ಇಲ್ಲದ ಇಂಟರ್ನ್‌ಶಿಪ್‌ಗಿಂತ ಅರೆಕಾಲಿಕ ಕೆಲಸ ನೂರು ಪಾಲು ವಾಸಿ. ಸಂಬಳವಿಲ್ಲ, ಆದರೆ ಒಳ್ಳೆಯ ಮೇಲ್ವಿಚಾರಕರಿದ್ದಾರೆ ಎಂಬ ಸಂದರ್ಭದಲ್ಲಿ ಮನೆಯ ಪರಿಸ್ಥಿತಿ ನೋಡಿಕೊಂಡು, ಅವಧಿ ಎಷ್ಟೆಂದು ಬರೆಸಿಕೊಂಡು ನಿರ್ಧರಿಸಬೇಕು.

ಪ್ರಮಾಣಪತ್ರ ಮತ್ತು ಸ್ವಂತ ಪ್ರಾಜೆಕ್ಟ್

ಆನ್‌ಲೈನ್ ಕೋರ್ಸ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಕಟು. ಕೋರ್ಸ್‌ಗಳು ಕೆಟ್ಟವೆಂದಲ್ಲ, ಎಷ್ಟೋ ಅತ್ಯುತ್ತಮವಾಗಿವೆ. ಆದರೆ ಹಾರ್ವರ್ಡ್ ಮತ್ತು ಎಂಐಟಿಯ ಉಚಿತ ಆನ್‌ಲೈನ್ ಕೋರ್ಸ್‌ಗಳ ಅಂಕಿಅಂಶವನ್ನು ವಿಶ್ಲೇಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2017–18ರಲ್ಲಿ ಸೇರಿದವರಲ್ಲಿ ಪೂರ್ಣಗೊಳಿಸಿದವರು ಶೇ 3ರ ಆಸುಪಾಸು. ಮುಗಿಸಿದವರೂ ಹೆಚ್ಚಾಗಿ ಮಾಡಿರುವುದು ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರ ಗುರುತಿಸಿದ್ದು. ಯಂತ್ರ ಸರಿ ತಪ್ಪು ಹೇಳುತ್ತದೆ, ಆದರೆ ನಿಮ್ಮ ಯೋಚನೆ ಎಲ್ಲಿ ದಾರಿ ತಪ್ಪಿತೆಂದು ಹೇಳುವುದಿಲ್ಲ. ಸಂದರ್ಶನದಲ್ಲಿ ಹನ್ನೆರಡು ಪ್ರಮಾಣಪತ್ರಗಳ ಪಟ್ಟಿ ಮುಂದಿಟ್ಟವರಿಗೆ "ಇದರಲ್ಲಿ ಒಂದನ್ನು ಬಳಸಿ ಏನು ಮಾಡಿದ್ದೀರಿ?" ಎಂಬ ಒಂದೇ ಪ್ರಶ್ನೆ ಸಾಕು, ಬಾಯಿ ಕಟ್ಟುತ್ತದೆ. ಲೆಕ್ಕಪರಿಶೋಧನೆ, ಕಂಪ್ಯೂಟರ್ ನೆಟ್‌ವರ್ಕಿಂಗ್‌ನಂಥ ಕೆಲವು ವೃತ್ತಿಗಳಲ್ಲಿ ನಿರ್ದಿಷ್ಟ ಪರೀಕ್ಷೆ ಪಾಸಾಗಿರಬೇಕೆಂದು ಕೇಳುತ್ತಾರೆ. ಅಲ್ಲಿ ಅದನ್ನೇ ಮಾಡಿ, ಬೇರೆ ಹತ್ತನ್ನು ಬಿಡಿ.

ಸ್ವಂತ ಪ್ರಾಜೆಕ್ಟ್ ಇದಕ್ಕಿಂತ ಮೇಲು, ಒಂದು ಷರತ್ತಿನ ಮೇಲೆ: ಅದನ್ನು ಬೇರೆಯವರು ನೋಡಬೇಕು. ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಬಳಕೆದಾರರ ಗುಂಪಿಗೆ ಬರೆದ ಸಂದೇಶವನ್ನು ಯಶಸ್ಸಿನ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ಆತ ಅದರಲ್ಲಿ ಕೇಳಿದ್ದೇನು ಎಂಬುದನ್ನು ಮಾತ್ರ ಮರೆಯುತ್ತಾರೆ. ತಾನು ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ಮಿನಿಕ್ಸ್‌ನಲ್ಲಿ ನಿಮಗೆ ಏನು ಇಷ್ಟ, ಏನು ಇಷ್ಟವಿಲ್ಲ ಹೇಳಿ ಎಂದು ಆತ ಕೇಳಿದ್ದರು. ಕೆಲಸ ಮುಗಿಯುವ ಮೊದಲೇ ಅಪರಿಚಿತರ ಟೀಕೆಯನ್ನು ಆಹ್ವಾನಿಸಿದ್ದರು. ಮುಂದೆ ಲಿನಕ್ಸ್ ಎಂದು ಹೆಸರಾದದ್ದು ಅದೇ. ನಾವು ಲಿನಕ್ಸ್ ಬರೆಯಬೇಕಾಗಿಲ್ಲ, ಆದರೆ ಆ ಪತ್ರದಂಥದ್ದನ್ನು ಬರೆಯಬಹುದು.

ಸಾಫ್ಟ್‌ವೇರ್ ಓದುವವರಿಗೆ ಓಪನ್ ಸೋರ್ಸ್ ಯೋಜನೆಗಳು, ಎಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಪ್ರೋಗ್ರಾಂಗಳು, ಈ ದೃಷ್ಟಿಯಿಂದ ಸಿದ್ಧವಾಗಿರುವ ಪಾಠಶಾಲೆ. ಎಂಟು ಸಾಲಿನ ಬದಲಾವಣೆ ಕಳಿಸಿ, ಎಲ್ಲೋ ಕೂತ ನಿರ್ವಾಹಕರೊಬ್ಬರು ಮೂರನೆಯ ಸಾಲಿನ ಪಕ್ಕದಲ್ಲಿ "ಪಟ್ಟಿ ಖಾಲಿಯಿದ್ದರೆ ಇದು ಏನಾಗುತ್ತದೆ?" ಎಂದು ಬರೆಯುತ್ತಾರೆ. ನೀವು ಯೋಚಿಸಿಯೇ ಇರಲಿಲ್ಲ. ಅದನ್ನು ಪರೀಕ್ಷಿಸುವ ಸಾಲೊಂದನ್ನು ಸೇರಿಸಿ ಮತ್ತೆ ಕಳಿಸುತ್ತೀರಿ, ಅದಕ್ಕೆ ಕೊಟ್ಟ ಹೆಸರು ಸರಿಯಿಲ್ಲ ಎಂಬ ಇನ್ನೊಂದು ಟಿಪ್ಪಣಿ ಬರುತ್ತದೆ. ಎರಡು ವಾರದ ಈ ಹಗ್ಗಜಗ್ಗಾಟ ಒಂದು ಸೆಮಿಸ್ಟರ್‌ನ ಪಾಠಕ್ಕೆ ಸಮ, ಮತ್ತು ಅದೆಲ್ಲ ಸಾರ್ವಜನಿಕವಾಗಿ ದಾಖಲಾಗಿ ಉಳಿಯುತ್ತದೆ. ಗೂಗಲ್ 2005ರಿಂದ ನಡೆಸುತ್ತಿರುವ ಸಮ್ಮರ್ ಆಫ್ ಕೋಡ್ ಇಂಥ ಕೆಲಸಕ್ಕೆ ಮಾರ್ಗದರ್ಶಕರನ್ನೂ ಗೌರವಧನವನ್ನೂ ಒದಗಿಸುತ್ತದೆ. 2022ರಿಂದ ಅದು ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ. ವಿನ್ಯಾಸ, ಬರವಣಿಗೆ, ಅನುವಾದ, ಛಾಯಾಗ್ರಹಣ ಕಲಿಯುವವರಿಗೆ ವಿಕಿಪೀಡಿಯ ಇದೆ, ಕಾಲೇಜಿನ ಪತ್ರಿಕೆ ಇದೆ. ಸಂಪಾದಕರು ನಿಷ್ಠುರರಾಗಿದ್ದಷ್ಟೂ ಒಳ್ಳೆಯದು.

ಪ್ರಾಧ್ಯಾಪಕರ ಕೈಕೆಳಗೆ

ಮುಂದೆ ಸಂಶೋಧನೆ ಅಥವಾ ಉನ್ನತ ವ್ಯಾಸಂಗದ ಆಸೆಯಿದ್ದರೆ ಹೆಚ್ಚು ಅಳೆದು ಸುರಿಯಬೇಕಿಲ್ಲ, ಇದೇ ನಿಮ್ಮ ದೊಡ್ಡ ಕೆಲಸ. ಶಿಫಾರಸು ಪತ್ರದಲ್ಲಿ "ಶ್ರದ್ಧಾವಂತ ವಿದ್ಯಾರ್ಥಿ, ತರಗತಿಗೆ ತಪ್ಪದೆ ಬರುತ್ತಿದ್ದರು" ಎಂಬ ಸಾಲು ಯಾವ ಆಯ್ಕೆ ಸಮಿತಿಯನ್ನೂ ಅಲ್ಲಾಡಿಸುವುದಿಲ್ಲ. "ಮೊದಲ ಫಲಿತಾಂಶ ಅನುಮಾನಾಸ್ಪದವಾಗಿದೆ ಎಂದು ಇವರೇ ಕಂಡುಹಿಡಿದು, ಅಳತೆಗಳನ್ನು ಮತ್ತೆ ಮಾಡಿದರು" ಎಂಬ ಸಾಲು ಅಲ್ಲಾಡಿಸುತ್ತದೆ. ಅಂಥ ಸಾಲು ಬರೆಯಲು ಪ್ರಾಧ್ಯಾಪಕರು ನಿಮ್ಮನ್ನು ಕೆಲಸ ಮಾಡುವಾಗ ನೋಡಿರಬೇಕು.

ಕೇಳುವುದು ಹೇಗೆಂದು ಎಷ್ಟೋ ಜನ ಉಗುಳು ನುಂಗುತ್ತಾ ಸುಮ್ಮನಾಗುತ್ತಾರೆ. "ನಿಮ್ಮ ಕೈಕೆಳಗೆ ಕೆಲಸ ಮಾಡುವ ಅವಕಾಶ ಕೊಟ್ಟರೆ ಕೃತಜ್ಞನಾಗಿರುತ್ತೇನೆ" ಎಂಬ ಸಾಮೂಹಿಕ ಇಮೇಲ್‌ಗೆ ಉತ್ತರ ಬರುವುದಿಲ್ಲ. ಅವರ ಒಂದು ಲೇಖನ ಓದಿ, ಹೀಗೆ ಬರೆಯಿರಿ: "ನಿಮ್ಮ ಲೇಖನದಲ್ಲಿ ಎರಡು ಹಳ್ಳಗಳ ನೀರಿನ ಮಾದರಿಗಳನ್ನು ಹೋಲಿಸಿದ್ದೀರಿ. ಮಳೆಗಾಲದ ಮಾದರಿಗಳನ್ನು ಏಕೆ ಬಿಟ್ಟಿರಿ ಎಂದು ನನಗೆ ತಿಳಿಯಲಿಲ್ಲ. ನನಗೆ ಸ್ಪ್ರೆಡ್‌ಶೀಟ್ ಕೆಲಸ ಬರುತ್ತದೆ, ವಾರಕ್ಕೆ ಆರು ಗಂಟೆ ಬಿಡುವಿದೆ. ದತ್ತಾಂಶ ಶುಚಿಗೊಳಿಸುವ ಕೆಲಸವಿದ್ದರೂ ಸರಿ." ಓದಿದ್ದೇನೆ, ಯೋಚಿಸಿದ್ದೇನೆ, ಸಣ್ಣ ಕೆಲಸಕ್ಕೂ ಸಿದ್ಧ – ಮೂರೂ ಅಷ್ಟರಲ್ಲಿ ಬಂತು.

ಇದರ ಕೊರತೆಯನ್ನೂ ಹೇಳಬೇಕು. ಮೊದಲ ತಿಂಗಳುಗಳು ನೀರಸ: ಬಾಟಲಿ ತೊಳೆಯುವುದು, ಪಟ್ಟಿ ತುಂಬುವುದು. ಜೊತೆಗೆ, ಸಂಶೋಧನೆಯ ಶಿಸ್ತನ್ನು ಉದ್ಯಮದವರು ತಾವಾಗಿ ಗುರುತಿಸುವುದಿಲ್ಲ, ನೀವೇ ಬಿಡಿಸಿ ಹೇಳಬೇಕು. ಕಚೇರಿ ಕೆಲಸವೇ ಗುರಿಯಾಗಿದ್ದರೆ ಒಂದು ಸೆಮಿಸ್ಟರ್ ರುಚಿ ನೋಡಿ ಹೊರಬರಬಹುದು.

ಸಂಘ ಸಂಸ್ಥೆಗಳು

ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ನೂಕುನುಗ್ಗಲು. ಖಜಾಂಚಿ ಸ್ಥಾನಕ್ಕೆ ಜನರೇ ಇಲ್ಲ. ನನ್ನ ಸಲಹೆ: ಖಜಾಂಚಿಯಾಗಿ. ಅಧ್ಯಕ್ಷರ ಭಾಷಣ ಹೇಗಿದ್ದರೂ ಚಪ್ಪಾಳೆ ಬೀಳುತ್ತದೆ, ಖಜಾಂಚಿಯ ಪುಸ್ತಕ ಹೊಂದದಿದ್ದರೆ ಯಾರೂ ಬಿಡುವುದಿಲ್ಲ. ಕಾರ್ಯಕ್ರಮದ ಮರುದಿನ ರಸೀದಿಗಳ ಕಂತೆ ಹಿಡಿದು ಕೂತಾಗ ಧ್ವನಿವರ್ಧಕದವರ ಬಿಲ್ಲಿನಲ್ಲಿ ದಿನಾಂಕ ಇಲ್ಲ, ಮುಂಗಡ ಕೊಟ್ಟದ್ದು ಎರಡು ಕಡೆ ಬರೆದಿದೆ, ಸ್ನೇಹಿತನೊಬ್ಬ ಕೈಯಿಂದ ಹಾಕಿದ ಹಣಕ್ಕೆ ಚೀಟಿಯೇ ಇಲ್ಲ. ಆ ಸ್ನೇಹಿತನ ಬಳಿ ಹೋಗಿ, ಸ್ನೇಹ ಕೆಡದಂತೆ, ಚೀಟಿಯಿಲ್ಲದೆ ಹಣ ಕೊಡಲಾಗದು ಎಂದು ಹೇಳಬೇಕು. ಸಂದರ್ಶನದ ಆ "ಕಷ್ಟದ ಸಹೋದ್ಯೋಗಿ" ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಸಂಘದ ಇನ್ನೊಂದು ಲಾಭ ಪರಿಚಯಗಳದ್ದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ಆ ಪರಿಚಿತರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದ್ದರು. ಪದೇ ಪದೇ ಎಂದವರು ಶೇ 17ರಷ್ಟು ಮಾತ್ರ, ಆಗೊಮ್ಮೆ ಈಗೊಮ್ಮೆ ಎಂದವರು ಶೇ 56ರಷ್ಟು, ಉಳಿದವರು ಅಪರೂಪಕ್ಕೆ. ಆಪ್ತ ಸ್ನೇಹಿತರಿಗೆ ಗೊತ್ತಿರುವುದು ಹೆಚ್ಚಾಗಿ ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದವರಿಂದ. 2022ರಲ್ಲಿ ಲಿಂಕ್ಡ್‌ಇನ್ ಎಂಬ ಉದ್ಯೋಗ ಸಂಪರ್ಕ ಜಾಲತಾಣದ 2 ಕೋಟಿಗೂ ಹೆಚ್ಚು ಬಳಕೆದಾರರ ಮೇಲಿನ ಪ್ರಯೋಗಗಳ ವರದಿ ಇದಕ್ಕೆ ಸಣ್ಣ ತಿದ್ದುಪಡಿ ತಂದಿತು: ತೀರಾ ದೂರದವರಿಗಿಂತ ಸಾಧಾರಣ ದೂರದವರೇ ಹೆಚ್ಚು ಉಪಯುಕ್ತ. ಬೇರೆ ವಿಭಾಗದ ಸಹಪಾಠಿ, ಎರಡು ವರ್ಷ ಮುಂದಿದ್ದ ಹಿರಿಯ ವಿದ್ಯಾರ್ಥಿ ಈ ಬಗೆಯವರು. ನಿಮ್ಮ ಗೆಳೆಯರೇ ತುಂಬಿರುವ ಸಂಘಕ್ಕೆ ಸೇರಿದರೆ ಸಂಜೆಗಳು ಚೆನ್ನಾಗಿ ಕಳೆಯುತ್ತವೆ; ಪರಿಚಯ ಬೆಳೆಯುವುದಿಲ್ಲ.

ಯಾವ ವರ್ಷ ಯಾವುದು

ಮೊದಲ ವರ್ಷ ಒಂದು ಸಂಘ ಸಾಕು, ಉಳಿದದ್ದು ಓದಿಗೆ. ಎರಡನೆಯ ವರ್ಷದಲ್ಲಿ ತಿದ್ದಿಸಿಕೊಳ್ಳುವ ಕೆಲಸವೊಂದನ್ನು ಹಿಡಿಯಿರಿ: ಹಣ ಬೇಕಿದ್ದರೆ ಅರೆಕಾಲಿಕ ಕೆಲಸ, ಸಂಶೋಧನೆಯ ಆಸೆಯಿದ್ದರೆ ಪ್ರಾಧ್ಯಾಪಕರು, ಎರಡೂ ಅಲ್ಲದಿದ್ದರೆ ಪ್ರಾಜೆಕ್ಟ್. ಏನು ಬೇಕೆಂದೇ ಗೊತ್ತಿಲ್ಲದವರಿಗೆ ಚಿಕ್ಕ ಅವಧಿಯ ಇಂಟರ್ನ್‌ಶಿಪ್ ಒಳ್ಳೆಯದು, ಯಾವ ವೃತ್ತಿ ಬೇಡ ಎಂಬುದಾದರೂ ಆರು ವಾರದಲ್ಲಿ ಗೊತ್ತಾಗುತ್ತದೆ. ಆಮೇಲಿನ ವರ್ಷಗಳಲ್ಲಿ ಹೊಸದನ್ನು ಹುಡುಕುವುದಕ್ಕಿಂತ ಇರುವುದನ್ನೇ ಆಳಕ್ಕೆ ಒಯ್ಯುವುದು ಲೇಸು. ವೈದ್ಯಕೀಯ, ನರ್ಸಿಂಗ್‌ನಂಥ ಕೋರ್ಸ್‌ಗಳಲ್ಲಿ ತರಬೇತಿ ಪಠ್ಯಕ್ರಮದೊಳಗೇ ಇರುವುದರಿಂದ ಈ ಲೆಕ್ಕಾಚಾರ ಬಹುಪಾಲು ಅನ್ವಯಿಸುವುದಿಲ್ಲ.

ಆರಿಸಿದ್ದು ಸರಿಬರಲಿಲ್ಲ ಎನಿಸಿದರೆ ಬಿಡಬಹುದು, ಆದರೆ ಮಾಯವಾಗಬಾರದು. ಎರಡು ವಾರ ಮೊದಲು ತಿಳಿಸಿ, ಒಂದು ಪುಟದ ಹಸ್ತಾಂತರ ಟಿಪ್ಪಣಿ ಬರೆಯಿರಿ: ಏನು ಮುಗಿದಿದೆ, ಏನು ಅರ್ಧಕ್ಕೆ ನಿಂತಿದೆ, ಕಡತಗಳು ಎಲ್ಲಿವೆ, ಮುಂದಿನ ಗಡುವು ಯಾವಾಗ, ಯಾರನ್ನು ಕೇಳಬೇಕು. ಪಾಸ್‌ವರ್ಡ್‌ಗಳನ್ನು ಟಿಪ್ಪಣಿಯಲ್ಲಿ ಬರೆಯಬೇಡಿ. ಖಾತೆಯನ್ನೇ ಮುಂದಿನವರ ಹೆಸರಿಗೆ ವರ್ಗಾಯಿಸಿ, ನಿಮ್ಮ ಪ್ರವೇಶವನ್ನು ತೆಗೆಸಿ. ನಿಮ್ಮ ಕೆಲಸದ ಮಾದರಿಯನ್ನು ಮುಂದೆ ತೋರಿಸಲು ಅನುಮತಿ ಬೇಕಿದ್ದರೆ ಅದನ್ನೂ ಆಗಲೇ ಬರವಣಿಗೆಯಲ್ಲಿ ಕೇಳಿ. ವರ್ಷ ಕಳೆದ ಮೇಲೆ ಅನುಮತಿ ಕೊಡಬೇಕಾದವರೇ ಆ ಹುದ್ದೆಯಲ್ಲಿ ಇರುವುದಿಲ್ಲ.